ಪುಣೆಯಿಂದಲೇ ಬಂದದ್ದು

ಸುಮಾ, ನಿನ್ನ ಮದುವೆ ಮುರಿದ ಆ ಇ-ಮೇಲುಗಳು ನನ್ನ ಕಂಪ್ಯೂಟರಿನಿಂದ ಹೊರಬಿದ್ದವು. ಬರೆದವನು ನಾನಲ್ಲ. ಆದರೆ ಅವು ನನ್ನ ಮನೆಯಿಂದ ಹೋದವೆಂದು ಮೊದಲ ದಿನವೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡೆ. ಇಷ್ಟು ವರ್ಷ.

ಬ್ರಾಡ್‌ಬ್ಯಾಂಡ್ ಆಗಷ್ಟೇ ಮನೆಗಳಿಗೆ ಬರುತ್ತಿದ್ದ ಕಾಲ. ಪುಣೆಯ ಕೋಥರೂಡಿನ ಆ ಕಟ್ಟಡದಲ್ಲಿ ನಿಮ್ಮದು ಕೆಳಗಿನ ಮನೆ, ನನ್ನದು ಮೇಲಿನದು. ನಿನ್ನ ಅಪ್ಪ, ಬಸಪ್ಪ ಕಾಕಾ, ಭೋಸರಿಯ ಕಾರ್ಖಾನೆಯಿಂದ ಬಂದು ಚಹಾಕ್ಕೆ ಕೂತರೆ ನನಗೂ ಒಂದು ಕಪ್ಪು. ಕಂಪ್ಯೂಟರ್ ಕಲಿತವನೆಂದು ನಿಮ್ಮಲ್ಲಿ ನನಗೆ ಭಾರಿ ಮರ್ಯಾದೆ. ನನಗೋ ಅದಕ್ಕಿಂತ ದೊಡ್ಡದೊಂದು ಗುಟ್ಟಿನ ಜಂಬ. ಬರೆದವರು ಯಾರೆಂದು ತಿಳಿಯದಂತೆ ಸಂದೇಶಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುವ ಜಾಲವೊಂದಿತ್ತು. ಎಲ್ಲೆಲ್ಲಿಯ ಜನವೋ ಅದಕ್ಕೆ ತಮ್ಮ ಕಂಪ್ಯೂಟರನ್ನು ಪುಕ್ಕಟೆ ಬಿಟ್ಟುಕೊಟ್ಟಿದ್ದರು. ನಾನೂ ಒಂದನ್ನು ಮಂಚದ ಕೆಳಗೆ ಇಟ್ಟು ಓಡಿಸುತ್ತಿದ್ದೆ. ಸಂದೇಶ ಹೊರಬೀಳುವ ಕೊನೆಯ ಬಾಗಿಲು ನನ್ನದು. ಬರೆದವನು ಯಾವ ದೇಶದಲ್ಲಿದ್ದರೂ ಅದು ನನ್ನ ಮನೆಯಿಂದ ಬಂದಂತೆ ಕಾಣುತ್ತಿತ್ತು. ಬಾಯಿ ಕಟ್ಟಿಸಿಕೊಂಡವರಿಗೆ ಬಾಯಿ ಕೊಟ್ಟೆನೆಂದು ಬೀಗುತ್ತಿದ್ದೆ.

ಆಮೇಲೆ ನಿನಗೆ ಗೊತ್ತುಮಾಡಿದ್ದ ಗಂಡಿನ ಮನೆಗೆ ಆ ಹೊಲಸು ಇ-ಮೇಲುಗಳು ಹೋದವು. ನಿನ್ನ ನಡತೆಯ ಬಗ್ಗೆ — ಬೇಡ, ಅದನ್ನು ಮತ್ತೆ ಬರೆಯಲಾರೆ. ಅವರ ಕಡೆಯವರು ಯಾರೋ ಹುಡುಕಿ, ಪುಣೆಯಿಂದ ಬಂದದ್ದು ಎಂದರಂತೆ. ಕಾಕಾ ಅದನ್ನು ಪ್ರಿಂಟ್ ಮಾಡಿಸಿ ತಂದು, ಯಾರ ಕೆಲಸ ನೋಡಿ ಹೇಳಪ್ಪ ಎಂದರು. ಕಳಿಸಿದ ಕಂಪ್ಯೂಟರಿನ ಸಂಖ್ಯೆ ಮೇಲ್ಗಡೆ ಇತ್ತು. ನನ್ನದೇ ಸಂಖ್ಯೆ. ಬೇಕಾದ ಊರಿನ ಬಾಗಿಲನ್ನು ಆರಿಸಿಕೊಳ್ಳಲು ಆ ಜಾಲದಲ್ಲಿ ಆಗುತ್ತಿತ್ತು; ಪುಣೆಯವರ ಮೇಲೆ ಸಂಶಯ ಬರಲೆಂದೇ ಯಾರೋ ನನ್ನದನ್ನು ಆರಿಸಿರಬೇಕು.

ಕಾಕಾ, ಇದು ನನ್ನ ಕಂಪ್ಯೂಟರು, ಪುಣೆ ಎಂಬುದಕ್ಕೆ ಇಲ್ಲಿ ಅರ್ಥವೇ ಇಲ್ಲ — ಅಷ್ಟು ಹೇಳಿದ್ದರೆ ಸಾಕಿತ್ತು. ಪೊಲೀಸರು ನೆನಪಾದರು, ಆಫೀಸು ನೆನಪಾಯಿತು. ಕಂಡುಹಿಡಿಯಲು ಆಗುವುದಿಲ್ಲ ಎಂದು ಕಾಗದ ಹಿಂದಿರುಗಿಸಿದೆ. ಅವತ್ತೇ ಸಂಜೆ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿಹಾಕಿದೆ. ಪಶ್ಚಾತ್ತಾಪದಿಂದಲ್ಲ, ಹೆದರಿಕೆಯಿಂದ.

ಪುಣೆಯವನೆಂದ ಮೇಲೆ ಎಲ್ಲರ ಕಣ್ಣು ಪ್ರಕಾಶನ ಮೇಲೆ ಬಿತ್ತು. ನಿನ್ನ ಜೊತೆ ಕೆಲಸ ಮಾಡುತ್ತಿದ್ದವನು, ನಿನಗೆ ಸ್ಕೂಟರ್ ಕಲಿಸಿದವನು, ನಿನ್ನ ಮೇಲೆ ಮನಸ್ಸಿದ್ದೂ ಬಾಯಿ ಬಿಡದವನು. ನೀನೊಬ್ಬಳು ನಂಬಲಿಲ್ಲ. ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದೆ.

“ಅಣ್ಣಾ, ಖರೇ ಹೇಳ್ರಿ. ಅದು ಪುಣೇದಿಂದನ ಬಂದದ್ದೇನು?”

“ಹೌದವ್ವ,” ಎಂದೆ. “ಪುಣೇದಿಂದನ ಬಂದದ.”

ಒಂದಕ್ಷರವೂ ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಇಷ್ಟು ದಿನ ಬದುಕಿದೆ — ಥೂ, ನನ್ನ ಬಾಳಿಗೆ. ಮರುದಿನ ಕಾಕಾ ನಿನ್ನನ್ನೂ ಕರೆದುಕೊಂಡು ಪ್ರಕಾಶನ ಮನೆಗೆ ಹೋಗಿ, ಅವನ ತಾಯಿಯ ಎದುರೇ ಅವನ ಕೆನ್ನೆಗೆ ಹೊಡೆದರು. ಅವನು ತಿರುಗಿ ಮಾತಾಡದೆ ನಿನ್ನನ್ನೇ ನೋಡಿದನಂತೆ. ನೀನು ಮುಖ ತಿರುಗಿಸಿದೆಯಂತೆ. ಅವನು ಕೆಲಸ ಬಿಟ್ಟ. ಮದುವೆಯೂ ಉಳಿಯಲಿಲ್ಲ.

ಹಾಗಾದರೆ ಯಾರು ಬರೆದರು? ಗೊತ್ತಿಲ್ಲ ಸುಮಾ. ಪ್ರಕಾಶನೇ ಬರೆದಿದ್ದಾನೆಯೇ ಎಂದು — ಬರೆದಿರಲಿ ದೇವರೇ ಎಂದು ಬೇಡಿಕೊಂಡಿದ್ದೇನೆ, ನನ್ನ ಎದೆಯ ಭಾರ ಇಳಿಯಲೆಂದು. ಅಂಥವನು ನಾನು. ಬರೆದವರು ಯಾರೆಂದು ಎಂದಿಗೂ ತಿಳಿಯದಂತೆ ಮಾಡುವುದೇ ಆ ಕಂಪ್ಯೂಟರಿನ ಕೆಲಸ, ಅದನ್ನು ಅದು ಸರಿಯಾಗಿಯೇ ಮಾಡಿತು.

ನಿನಗೆ ಒಡಹುಟ್ಟಿದವರಿಲ್ಲ. ಆ ಕಷ್ಟದಲ್ಲಿ ಜೊತೆಗಿದ್ದೆನೆಂದು, ದೀಪಾವಳಿಯ ಭಾವುಬೀಜಕ್ಕೆ ಪ್ರತಿ ವರ್ಷ ನನ್ನನ್ನು ಮಣೆಯ ಮೇಲೆ ಕೂರಿಸಿ, ಅಣ್ಣನೆಂದು ಆರತಿ ಎತ್ತುತ್ತೀಯ. ಹೋದ ಸಲ ತಟ್ಟೆ ಕೆಳಗಿಡುತ್ತ ನೀನು ಅಂದೆ: “ಅವ ಹಂಗ ಮಾಡಬಾರದಿತ್ತು ಅಣ್ಣಾ. ನಾ ಅವನ್ನ ಭಾಳ ನಂಬಿದ್ದೆ.” ನಾನು ತಲೆ ತಗ್ಗಿಸಿ, ನೀನು ಕೊಟ್ಟ ಕರಚಿಕಾಯಿ ತಿಂದೆ.

ಪ್ರಕಾಶ ಈಗ ಇಲ್ಲೇ ಕ್ಯಾಂಪ್ ಬಡಾವಣೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇವತ್ತು ಬೆಳಿಗ್ಗೆ ಅವನೆದುರು ನಿಂತು ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆಯಲಿ ಎಂದೇ ಹೋಗಿದ್ದೆ. ಅವನು ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟ. ಆಮೇಲೆ ಕೇಳಿದ್ದು ಇಷ್ಟೇ: “ಇದು ಸುಮಾಗ ಗೊತ್ತದ ಏನ್ರಿ?”

ಇಲ್ಲ ಎಂದೆ. ಅದಕ್ಕೇ ಇದನ್ನು ಬರೆದೆ.

ನಾಳೆ ಭಾವುಬೀಜ. ನಾನು ಬರುತ್ತೇನೆ. ಮಣೆ ಹಾಕಬೇಡ.