ನನ್ನ ತವರಿನ ಬೆಕ್ಕು, ಅವರ ಮನೆಯ ಕುಂಬಳಕಾಯಿ

ಮೊನ್ನೆ ಬೆಳಿಗ್ಗೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಡಿಗೆಮನೆಯಿಂದ ಸಿಹಿಗುಂಬಳ ಬೇಯುವ ವಾಸನೆ ಬಂತು. ಉಪ್ಪು, ಬೆಲ್ಲ, ಒಗ್ಗರಣೆ ಯಾವುದೂ ಇಲ್ಲದ ಬರೀ ಕುಂಬಳಕ್ಕೆ ಒಂದು ಪೆದ್ದು ವಾಸನೆ ಇರುತ್ತದೆ. ಯಾರಿಗಮ್ಮ ಇದು, ಮನೆಯಲ್ಲಿ ಪಥ್ಯದವರು ಯಾರಿದ್ದಾರೆ ಎಂದು ಕೇಳಿದೆ. "ಬೆಕ್ಕಿಗೆ ಅಜ್ಜಿ. ಹೊಟ್ಟೇಲಿ ಕೂದಲು ಗಂಟು ಕಟ್ಟಿದೆಯಂತೆ, ಊಟದ ಜೊತೆ ಇದನ್ನ ಸ್ವಲ್ಪ ಕಲಸಿ ಕೊಡಿ ಅಂದ್ರು ಡಾಕ್ಟ್ರು" ಎಂದಳು ಮೊಮ್ಮಗಳು. ಡಾಕ್ಟರಂತೆ ಡಾಕ್ಟರು! ನನಗೆ ಮೈಯೆಲ್ಲ ಉರಿದುಹೋಯಿತು. ಈ ಉರಿ ಅರವತ್ತು ವರ್ಷಕ್ಕೂ ಹಳೆಯದು, ಆ ಹುಡುಗಿಗೆ ಅದೆಲ್ಲ ಏನು ಗೊತ್ತು.

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದದ್ದು ಐವತ್ತರ ದಶಕ ಮುಗಿಯುತ್ತ ಬಂದಾಗ. ನನ್ನ ತವರು ಚಿಂತಾಮಣಿ ಕಡೆ, ಮುರುಗಮಲ್ಲದ ಪಕ್ಕದ ಹಳ್ಳಿ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದಳು. ಅತ್ತೆಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಇಲಿ ಕಾಟ ವಿಪರೀತ ಎಂದು ಕೇಳಿದ್ದ ಅಪ್ಪ, ನಾನು ಮರಿಯಿಂದ ಸಾಕಿದ ಬೂದು ಬೆಕ್ಕನ್ನು ಬಿದಿರುಬುಟ್ಟಿಗೆ ಹಾಕಿ, ಬಾಯಿಗೆ ಹಳೇ ಪಂಚೆ ಕಟ್ಟಿ, ಬಸ್ಸಿನಲ್ಲಿ ನನ್ನ ಕಾಲ ಬಳಿ ಇಟ್ಟರು. ಮೈತುಂಬ ಉದ್ದ ಕೂದಲಿನ ಬೆಕ್ಕು ಅದು. ದಾರಿಯುದ್ದಕ್ಕೂ ಅದು ಅತ್ತಿತು, ಅದರ ಜೊತೆ ನಾನೂ ಅತ್ತೆ.

ಬೀದಿಯವರಿಗೆ ಒಳ್ಳೆ ಮೋಜಾಯಿತು. "ಸೊಸೆ ತವರಿಂದ ಏನು ತಂದ್ಲು? ಬೆಕ್ಕು ತಂದ್ಲು!" ಎಂದು ನಗೋರು. ನಮ್ಮತ್ತೆಯೂ ನಗೋರು. ಅತ್ತೆ ಕೆಟ್ಟವರೇನಲ್ಲ, ಆದರೆ ಬಾಯಿ ದೊಡ್ಡದು. ಅವರ ತವರಿನ ಕಡೆ ತೆಲುಗು, ಬೆಕ್ಕನ್ನು ಕೊನೆಯವರೆಗೂ ಪಿಲ್ಲಿ ಎಂದೇ ಕರೆದರು. ಆ ಮನೆಯಲ್ಲಿ ಮಾತಾಡಿಸುವವರಿಲ್ಲದೆ ನಾನು ಒಂದು ಮೂಲೆಯಲ್ಲಿ ಕೂತರೆ, ಬೆಕ್ಕು ಬಂದು ನನ್ನ ಪಾದದ ಮೇಲೆ ಮಲಗುತ್ತಿತ್ತು. ನನ್ನದು ಅಂತ ಅಲ್ಲಿ ಇದ್ದದ್ದು ಅದೊಂದೇ.

ಹಿಂದಿನ ಮನೆ ಬೂಬಮ್ಮನವರದು. ಮುಸಲ್ಮಾನರ ಮನೆಯ ಹಿರಿಯ ಹೆಂಗಸರನ್ನು ನಮ್ಮ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹಿತ್ತಲಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಚರಕಗಳಿದ್ದವು, ಗೂಡು ಬೇಯಿಸುವ ನಾತ ಸಂಜೆಯವರೆಗೂ ಇರುತ್ತಿತ್ತು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣುಗೋಡೆ. ಅತ್ತೆ ಮತ್ತು ಬೂಬಮ್ಮ ಆ ಗೋಡೆಗೆ ಮೊಣಕೈ ಊರಿ ನಿಂತರೆಂದರೆ ಒಲೆಯ ಮೇಲಿನ ಸಾರು ಸೀದರೂ ಗೊತ್ತಾಗುತ್ತಿರಲಿಲ್ಲ. ನನ್ನ ಜೊತೆ ಅತ್ತೆ ಹಾಗೆ ಒಂದು ದಿನವೂ ನಿಂತು ಮಾತಾಡಿದವರಲ್ಲ. ಹೊಟ್ಟೆಕಿಚ್ಚು ಮೊದಲು ಶುರುವಾದದ್ದು ಅಲ್ಲಿಂದಲೇ ಇರಬೇಕು...

ಬೆಕ್ಕಿನಿಂದ ನನಗೆ ಮರ್ಯಾದೆ ಬಂದ ಕತೆ ಕೇಳಿ. ಹುಳು ಸಾಕುವ ಕೋಣೆಗೆ ಬೆಳಕು ಕಡಿಮೆ, ಕಿಟಕಿಗೆ ಗೋಣಿ ಇಳಿಬಿಟ್ಟಿರುತ್ತಾರೆ. ಒಂದು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಹೋದ ಅತ್ತೆ ಒಳಗಿಂದಲೇ ಕೂಗಿಕೊಂಡರು: "ಬಾರೇ ಇಲ್ಲಿ! ಇಲಿಮರಿ ಕಣೇ! ನಿನ್ನ ಪಿಲ್ಲಿ ಹೊಡೆದು ಹಾಕೈತೆ!" ನೋಡಿದರೆ ಹುಳು ಬಿಟ್ಟಿದ್ದ ಮೊರಗಳ ಕೆಳಗೆ ಬೂದು ಬಣ್ಣದ ಒದ್ದೆ ಒದ್ದೆಯಾದ ಒಂದು ಪದಾರ್ಥ, ಬೆರಳುದ್ದ, ಒಂದು ತುದಿ ಬಾಲದ ಹಾಗೆ ಸಣ್ಣಗೆ. ಅತ್ತೆ ಅದನ್ನು ಪೊರಕೆಯಿಂದ ತಳ್ಳಿಕೊಂಡು ಹೋಗಿ ತಿಪ್ಪೆಗೆ ಎಸೆದರು. ಆಮೇಲೆ ವಾರಕ್ಕೆ ಒಂದೆರಡು ಸಲ ಹೀಗೇ ಸಿಕ್ಕತೊಡಗಿತು. ನಮ್ಮ ಸೊಸೆಯ ಬೆಕ್ಕು ಬಂದ ಮೇಲೆ ಇಲಿಗಳ ವಂಶವೇ ನಿರ್ವಂಶ ಎಂದು ಅತ್ತೆ ಬೀದಿಯೆಲ್ಲ ಹೇಳಿಕೊಂಡು ಬಂದರು. ಬೆಕ್ಕಿಗೆ ಗಟ್ಟಿ ಹಾಲು, ಮುದ್ದೆ. ನನ್ನ ತಟ್ಟೆಗೂ ಒಂದು ಚೂರು ಬೆಣ್ಣೆ ಬೀಳತೊಡಗಿತು. ನಾನು ಕತ್ತು ಎತ್ತಿ ನಡೆದಾಡಿದ ದಿನಗಳು ಅವು.

ಬೆಕ್ಕು ಕತ್ತು ಚಾಚಿ ಖೊಕ್ ಖೊಕ್ ಅನ್ನುವುದು ನನಗೂ ಕೇಳಿಸಿತ್ತು. ತಿಂದ ಇಲಿಯ ಮೂಳೆ ಗಂಟಲಿಗೆ ಸಿಕ್ಕಿರಬೇಕು ಅಂದುಕೊಂಡೆ. ಮುಳ್ಳು ಸಿಕ್ಕಿದರೆ ನಾವು ಮಾಡುವುದನ್ನೇ ಮಾಡಿದೆ, ಮುದ್ದೆ ಉಂಡೆ ಮಾಡಿ ನುಂಗಿಸಿದೆ. ಅದು ಇನ್ನಷ್ಟು ಸೊರಗಿತು. ಅಷ್ಟರಲ್ಲಿ ಒಂದು ಮೊರದ ಹುಳುವನ್ನು ಇಲಿ ಖಾಲಿ ಮಾಡಿಬಿಟ್ಟಿತು. ಇಲಿಗಳನ್ನೆಲ್ಲ ಕೊಂದ ಬೆಕ್ಕಿದ್ದ ಮನೆಯಲ್ಲಿ!

ಅತ್ತೆ ಗೋಡೆಯ ಬಳಿ ನಿಂತು ಇದನ್ನು ಹೇಳಿಕೊಂಡು ಗೋಳಾಡುತ್ತಿದ್ದಾಗ ಬೂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಹಿತ್ತಲಿಗೆ ಬಂದರು. ತಿಪ್ಪೆಯ ಮೇಲೆ ಅವತ್ತು ಎಸೆದಿದ್ದ "ಇಲಿಮರಿ"ಯನ್ನು ಕಡ್ಡಿಯಿಂದ ಬಿಡಿಸಿದರು. "ಇದು ಇಲಿ ಅಲ್ಲಮ್ಮಾ. ಕಾಲೆಲ್ಲೈತೆ, ಮೂತಿ ಎಲ್ಲೈತೆ? ಬೆಕ್ಕಿಂದೇ ಕೂದ್ಲು. ನೆಕ್ಕಿ ನೆಕ್ಕಿ ನುಂಗ್ತೈತೆ, ಆಮೇಲೆ ಕಕ್ತೈತೆ."

ಅತ್ತೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಬೂಬಮ್ಮನೂ ನಕ್ಕರು. ಸಂಜೆಯ ಹೊತ್ತಿಗೆ ಬೀದಿಯೇ ನಕ್ಕಿತು. ಬೆಣ್ಣೆ ನಿಂತುಹೋಯಿತು. ನನ್ನ ಮರ್ಯಾದೆಯನ್ನು ಒಂದು ಕಡ್ಡಿಯಿಂದ ಬಿಡಿಸಿ ಹಾಕಿದ ಹೆಂಗಸು ಅವರು. ನೀವಾಗಿದ್ದರೆ ಕ್ಷಮಿಸುತ್ತಿದ್ದಿರಾ?

ಬೆಕ್ಕಿನ ಚಾಕರಿಯನ್ನು ಅವರು ತಾವಾಗಿಯೇ ವಹಿಸಿಕೊಂಡರು. ಹಾಲು, ಮುದ್ದೆ ಬಿಡಿಸಿದರು. ಕುಂಬಳಕಾಯಿಯನ್ನು ಉಪ್ಪಿಲ್ಲದೆ ಬೇಯಿಸಿ, ನಯವಾಗಿ ಹಿಸುಕಿ, ಅದಕ್ಕೆ ಮುಳ್ಳು ತೆಗೆದ ಕೆರೆ ಮೀನನ್ನೋ, ಈರುಳ್ಳಿ ಮಸಾಲೆ ಬೀಳುವ ಮೊದಲೇ ತೆಗೆದಿಟ್ಟ ಮಾಂಸದ ನೀರನ್ನೋ ಸೇರಿಸಿ ತೆಳ್ಳಗೆ ಕಲಸುವರು. ಮೇಲೆ ಬೆರಳ ತುದಿಯಷ್ಟು ತುಪ್ಪ. ಒಂದೇ ಸಲ ತುಂಬ ಹಾಕರು, ಸ್ವಲ್ಪ ಸ್ವಲ್ಪವೇ. ಬಾವಿಕಟ್ಟೆಯ ಪಕ್ಕದ ಗರಿಕೆಯನ್ನು ಕೀಳದೆ ಬೆಕ್ಕು ಕಚ್ಚಿ ತಿನ್ನಲೆಂದೇ ಬಿಟ್ಟಿದ್ದರು. ಊಟವಾದ ಮೇಲೆ ತೊಡೆಯ ಮೇಲೆ ಮಲಗಿಸಿಕೊಂಡು, ಒದ್ದೆ ಕೈಯಿಂದ ಸವರಿ ಉದುರುವ ಕೂದಲನ್ನೆಲ್ಲ ತೆಗೆಯುವರು. ಬೆಕ್ಕು ಕಣ್ಣು ಮುಚ್ಚಿಕೊಂಡು ಗುರುಗುಟ್ಟುತ್ತಿತ್ತು. ಆ ಸದ್ದು ನನ್ನ ಪಾದದ ಮೇಲೆ ಮಲಗಿದಾಗ ಬರುತ್ತಿದ್ದ ಸದ್ದಿಗಿಂತ ಜೋರಾಗಿತ್ತು. ಗೋಡೆಯ ಈಚೆ ಪಾತ್ರೆ ಬೆಳಗುತ್ತ ನಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ಬೆಕ್ಕು ಚೇತರಿಸಿಕೊಂಡಿತು, ಖೊಕ್ ಖೊಕ್ ನಿಂತಿತು. ನಿಜವಾದ ಇಲಿಯನ್ನು, ಕಾಲು ಮೂತಿ ಎಲ್ಲ ಇದ್ದ ಇಲಿಯನ್ನು ಹಿಡಿದು ತಂದು ಎಲ್ಲಿ ಇಟ್ಟಿತು ಗೊತ್ತೇ? ಬೂಬಮ್ಮನ ಹೊಸಿಲ ಮೇಲೆ! "ನೋಡೇ, ಬೂಬಮ್ಮನ ಕೈಗುಣ" ಎಂದರು ಅತ್ತೆ. ಬೂಬಮ್ಮ ಅದಕ್ಕೆ ರೇಷಮ್ ಎಂದು ಹೆಸರು ಬೇರೆ ಇಟ್ಟಿದ್ದರು. ನಾನು ಇಟ್ಟಿದ್ದ ಚಿನ್ನಿ ಎಂಬ ಹೆಸರು ಹಿಡಿದು ಕರೆದರೆ ಒಂದು ಕಿವಿ ಆಡಿಸಿ ಸುಮ್ಮನಾಗುತ್ತಿತ್ತು. ಗೋಡೆಯಾಚೆಯಿಂದ "ರೇಷಮ್" ಎಂದರೆ ಒಂದೇ ನೆಗೆತ.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಬೆಕ್ಕಿನ ಕೊರಳಿಗೆ ಸೆಣಬಿನ ಹಗ್ಗ ಕಟ್ಟಿ ಒಳಗೆ ಕಂಬಕ್ಕೆ ಬಿಗಿದೆ. ನನ್ನ ಬೆಕ್ಕು, ನನ್ನ ತವರಿನದು, ಅದಕ್ಕೆ ಊಟ ಹಾಕಲು ನನಗೆ ಬರುವುದಿಲ್ಲವೇ? ಕುಂಬಳಕಾಯಿ ಬೇಯಿಸಿದೆ, ಹಿಸುಕಿದೆ, ತುಪ್ಪ ಬಿಟ್ಟೆ. ಆದರೆ ಹುಳು ಮೊರದಲ್ಲಿ ಇರುವಷ್ಟು ದಿನ ನಮ್ಮ ಮನೆಯಲ್ಲಿ ಒಗ್ಗರಣೆಯ ಘಾಟು, ಮೀನಿನ ವಾಸನೆ ಸುಳಿಯುವ ಹಾಗಿಲ್ಲ, ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂದು ಅತ್ತೆಯ ಕಟ್ಟಪ್ಪಣೆ. ಬರೀ ಕುಂಬಳಕಾಯಿಯನ್ನು ಯಾವ ಬೆಕ್ಕು ತಿಂದೀತು? ಮೂಸಿತು, ಮುಖ ತಿರುಗಿಸಿ ಕೂತಿತು. ನಾನು ಬೈದೆ, ಬೇಡಿಕೊಂಡೆ, ಬಾಯಿಗೆ ಒರೆಸಿದೆ. ಅದು ಒರೆಸಿದ್ದನ್ನು ನೆಕ್ಕುತ್ತ ನೆಕ್ಕುತ್ತ ಮೈಯ ಕೂದಲನ್ನೂ ಸೇರಿಸಿ ನುಂಗಿತು. ಬೇಸಿಗೆ ಬೇರೆ, ಕಂತೆ ಕಂತೆ ಉದುರುವ ಕಾಲ.

ಒಂದು ಮಧ್ಯಾಹ್ನ ನೋಡಿದರೆ ಬೆಕ್ಕಿನ ಹೊಟ್ಟೆ ಬಿಗಿದುಕೊಂಡಿತ್ತು. ಕಕ್ಕಲು ಹೋಗುತ್ತಿತ್ತು, ಏನೂ ಬರುತ್ತಿರಲಿಲ್ಲ. ನೀರನ್ನೂ ಮುಟ್ಟಲಿಲ್ಲ. ಅತ್ತೆ ನೋಡಿ, "ಹೋಗೇ, ಬೂಬಮ್ಮನ ಹತ್ರ ಕೊಡು" ಎಂದರು. ಕೊಡು! ಆ ಮಾತಿಗೆ ನಾನು ಗಳಗಳ ಅತ್ತುಬಿಟ್ಟೆ. ಕೊಟ್ಟರೆ ಬೆಕ್ಕು ಅವರದಾಗುತ್ತದೆ, ಕೊಡದಿದ್ದರೆ ಬೆಕ್ಕೇ ಇರುವುದಿಲ್ಲ. ಹಗ್ಗ ಬಿಚ್ಚಿದೆ, ಎತ್ತಿಕೊಂಡೆ. ಗೋಡೆಯ ಆಚೆ ಎರಡು ಕೈ ಚಾಚಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, "ತಗೊಳ್ಳಿ, ನಿಮ್ದೇ ಇಟ್ಕೊಳ್ಳಿ" ಎಂದೆ.

ಬೂಬಮ್ಮ ಬೆಕ್ಕನ್ನು ತೆಗೆದುಕೊಳ್ಳಲಿಲ್ಲ. "ನೀನೂ ಬಾಮ್ಮ ಒಳಗೆ" ಎಂದರು.

ಆವರೆಗೆ ನಾನು ಅವರ ಅಡಿಗೆಮನೆಯ ಒಳಗೆ ಕಾಲಿಟ್ಟವಳಲ್ಲ, ನಮ್ಮ ಕಡೆ ಆಗ ಅದೆಲ್ಲ ಇರಲಿಲ್ಲ. ಅತ್ತೆಯ ಕಡೆ ನೋಡಿದೆ, ಅವರು ಪೊರಕೆ ಎತ್ತಿಕೊಂಡು ಹಿತ್ತಲು ಗುಡಿಸತೊಡಗಿದರು. ಬೆಕ್ಕನ್ನು ಎದೆಗೆ ಒತ್ತಿಕೊಂಡು ಹೋದೆ. ಬೂಬಮ್ಮ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಹೊಟ್ಟೆಯನ್ನು ಮೆಲ್ಲಗೆ ಸವರುತ್ತ ಕೂತರು, ಮೀನಿನ ನೀರನ್ನು ನನ್ನ ಬೆರಳಿಂದಲೇ ಅದರ ಬಾಯಿಗೆ ಹನಿ ಹನಿಯಾಗಿ ಬಿಡಿಸಿದರು. ಅವತ್ತೆಲ್ಲ ಹಾಗೇ ಕೂತಿದ್ದೆವು. ಇಳಿಹೊತ್ತಿಗೆ ಬೆಕ್ಕು ಎದ್ದು, ಬೆನ್ನು ಬಿಲ್ಲಾಗಿಸಿ, ಹೆಬ್ಬೆರಳಿಗಿಂತ ದಪ್ಪದ ಗಂಟೊಂದನ್ನು ಕಕ್ಕಿತು. ನಾವಿಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಆಮೇಲೆ ದಿನವೂ ನಾನೇ ಅಲ್ಲಿಗೆ ಹೋಗಿ ಕಲಸುತ್ತಿದ್ದೆ, ನಾನೇ ತಿನ್ನಿಸುತ್ತಿದ್ದೆ. ಆದರೂ ತಿಂದಾದ ಮೇಲೆ ಅದು ಮಲಗುತ್ತಿದ್ದುದು ಅವರ ತೊಡೆಯ ಮೇಲೆಯೇ. ನನಗೆ ಸಿಟ್ಟು ಬರುತ್ತಿತ್ತು, ಮತ್ತೆ ಮರುದಿನ ಹೋಗುತ್ತಿದ್ದೆ. ಒಂದು ದಿನ ಬೆಕ್ಕನ್ನು ಸವರುತ್ತಿದ್ದವರು ಅದೇ ಕೈಯಿಂದ ನನ್ನ ಜಡೆ ಎತ್ತಿ ನೋಡಿದರು. "ನಿನ್ನ ಕೂದ್ಲೂ ಉದುರ್ತೈತಲ್ಲಮ್ಮ... ಹೊಟ್ಟೆ ತುಂಬ ಉಣ್ತೀಯೋ ಇಲ್ವೋ?" ಅಮ್ಮ ಹೋದ ಮೇಲೆ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉಣ್ತೀನಿ ಎಂದು ಸುಳ್ಳು ಹೇಳಿದೆ. ಅವರು ಒಂದು ಬಟ್ಟಲಿಗೆ ಅನ್ನ, ಸಾರು ಹಾಕಿ ನನ್ನ ಮುಂದೆ ಇಟ್ಟರು. ನಾನು ಉಂಡೆ. ಅತ್ತೆಗೆ ಹೇಳಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಅವರ ಮಗ ರಾಮನಗರದ ಕಡೆ ಚರಕ ಹಾಕುತ್ತೇನೆಂದು ಹೊರಟ. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು, ಬೂಬಮ್ಮ ಬಸ್ ಸ್ಟ್ಯಾಂಡಿಗೆ ಜಟಕಾದಲ್ಲಿ. ಬೆಕ್ಕು ಮನೆ ಬಿಟ್ಟು ಬಾಳುವ ಪ್ರಾಣಿ ಅಲ್ಲ ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಕೊಡುವ ಮುಂಚೆ ಅದರ ತಲೆಗೆ ಮುಖ ಒತ್ತಿಕೊಂಡು ಅತ್ತರು. ಬೇಸಿಗೇಲಿ ಕೈ ಒದ್ದೆ ಮಾಡ್ಕೊಂಡು ಸವರು, ಹಾಲು ಜಾಸ್ತಿ ಬೇಡ, ಕುಂಬಳಕಾಯಿ ಹಳಸಿದ್ದು ಹಾಕ್ಬೇಡ... ಎಲ್ಲ ಬೆಕ್ಕಿನ ಮಾತೇ. ಜಟಕಾ ಹೊರಡುವಾಗ ನನಗೆ "ಬರ್ತೀನಮ್ಮ" ಎಂದರು, ಅಷ್ಟೆ.

ಬೆಕ್ಕು ನನ್ನ ತೋಳಲ್ಲಿತ್ತು, ಪೂರ್ತಿ ನನ್ನದಾಗಿತ್ತು. ನನಗೆ ಅದರ ಮೇಲೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಕೆಳಕ್ಕೆ ಎಸೆದುಬಿಡಬೇಕು ಅನ್ನಿಸಿತು. ಬೂಬಮ್ಮ ಅತ್ತದ್ದು ಬೆಕ್ಕಿಗೋಸ್ಕರ. ನನ್ನ ತಲೆಗೆ ಯಾರು ಮುಖ ಒತ್ತಿದರು? ಬೆಕ್ಕಿನ ಮೇಲೆ ಉರಿಯಬೇಕಾದವಳು ಇಷ್ಟು ದಿನ ಬೂಬಮ್ಮನ ಮೇಲೆ ಉರಿದಿದ್ದೆ ಎಂದು ಅವತ್ತು ಗೊತ್ತಾಯಿತು. ಬೆಕ್ಕು ಆಮೇಲೂ ಕೆಲವು ವರ್ಷ ಬದುಕಿತು. ಅವರು ಹೇಳಿದ ಹಾಗೇ ನೋಡಿಕೊಂಡೆ, ಒಂದು ದಿನವೂ ತಪ್ಪಿಸಲಿಲ್ಲ.

ಹೋದ ವರ್ಷ ಒಂದು ಮದುವೆಗೆಂದು ಶಿಡ್ಲಘಟ್ಟಕ್ಕೆ ಹೋದಾಗ ಮೊಮ್ಮಗಳ ಕೈ ಹಿಡಿದುಕೊಂಡು ಆ ಬೀದಿಗೆ ಹೋಗಿಬಂದೆ. ಎರಡೂ ಮನೆಗಳಿಲ್ಲ, ಆ ಜಾಗದಲ್ಲಿ ದೊಡ್ಡ ಕಟ್ಟಡ. ತಿರುವಿನ ಅಂಗಡಿಯಲ್ಲಿ ನನ್ನಷ್ಟೇ ವಯಸ್ಸಿನ ಸಾಹೇಬರೊಬ್ಬರು ಕೂತಿದ್ದರು. ಇಲ್ಲಿ ಚರಕ ಇಟ್ಟುಕೊಂಡಿದ್ದ ಬೂಬಮ್ಮನವರು, ರಾಮನಗರದ ಕಡೆ ಹೋದರು, ಅವರ ಸುದ್ದಿ ಏನಾದರೂ ಗೊತ್ತೇ ಎಂದು ಕೇಳಿದೆ. ಅವರು ಕೈಯನ್ನು ಕಿವಿಗೆ ಹಿಡಿದುಕೊಂಡು ಕೇಳಿಸಿಕೊಂಡರು. "ಆಗ ಎಲ್ರ ಮನೇಲೂ ಚರಕ ಇತ್ತಲ್ಲಮ್ಮ. ಯಾವ ಬೂಬಮ್ಮ? ಹೆಸರು ಹೇಳಿ, ನೆನಪಾಗುತ್ತೆ."

ಬೂಬಮ್ಮನವರ ಕೈಯ ಅನ್ನ ಉಂಡವಳು ನಾನು. ಹೆಸರು ಗೊತ್ತಿರಲಿಲ್ಲ. ಅವರು ಇಷ್ಟು ಹೊತ್ತಿಗೆ ಯಾವುದೋ ಊರಿನ ಮಣ್ಣಿನಲ್ಲಿ ಮಲಗಿ ಎಷ್ಟೋ ವರ್ಷವಾಗಿರಬೇಕು... ಅವರನ್ನು ಹೆಸರು ಹಿಡಿದು ಕರೆದವರು, ಹಾಗೆ ಕರೆದಾಗ ಅವರು ಓಗೊಟ್ಟದ್ದನ್ನು ಕೇಳಿದವರು ಯಾರೋ ಇದ್ದರಲ್ಲ, ಅವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.