ಕಿರುಬೆರಳಿಗೆ ಕಟ್ಟಿದ ಅಪಾಯ

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಸಹಿಯಕ್ಕ. ಆಪರೇಷನ್ನಿಗೆ ಮುಂಚೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದ ನರ್ಸ್ ಕೆಲಸದಲ್ಲಿ ಕಂಡುಕೊಂಡದ್ದು ಇಷ್ಟು: ದೊಡ್ಡ ಡಾಕ್ಟರು ಅಪಾಯಗಳನ್ನು ಎಷ್ಟು ಚೆನ್ನಾಗಿ ವಿವರಿಸುತ್ತಾರೋ, ರೋಗಿ ಅಷ್ಟೇ ಚೆನ್ನಾಗಿ ತಲೆಯಾಡಿಸಿ ಬಾಗಿಲು ದಾಟುವಷ್ಟರಲ್ಲಿ ಮರೆತಿರುತ್ತಾನೆ. "ನಾನು ಬಿಡಿಸಿ ಬಿಡಿಸಿ ಹೇಳಿದ್ದೀನಿ" ಎಂದು ಡಾಕ್ಟರು ಎದೆಯುಬ್ಬಿಸುವರು. ಹೇಳಿದ್ದೇನೋ ನಿಜ. ಆದರೆ ಒಬ್ಬ ಅಜ್ಜಿಗೆ ಅದರಲ್ಲಿ ನೆನಪುಳಿದದ್ದು ಡಾಕ್ಟರ ಕೈಗಡಿಯಾರ ಮಾತ್ರ.

ಅಂದಿನಿಂದ ಸಹಿಯಕ್ಕ ಒಂದೊಂದು ಅಪಾಯವನ್ನು ರೋಗಿಯ ಒಂದೊಂದು ಬೆರಳಿಗೆ ಕಟ್ಟತೊಡಗಿದಳು. ಬೆರಳು ಮಡಚಿ ಒಪ್ಪಿಸಿದ ಮೇಲೇ ಸಹಿಗೆ ಪೆನ್ನು.

ಈ ಸಲ ಬಂದವನು ಬಸ್ ಕಂಡಕ್ಟರ್. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಥೈರಾಯ್ಡ್ ಗಡ್ಡೆ. ಬಾಯಿ ತೆರೆದರೆ ಪಕ್ಕದ ವಾರ್ಡಿನವರು ಸ್ಟಾಪ್ ಬಂತೆಂದು ಏಳುವಂಥ ಗಂಟಲು.

"ಹೆಬ್ಬೆರಳು, ರಕ್ತ ಸೋರೋದು. ತೋರುಬೆರಳು, ಕೀವು. ನಡುಬೆರಳು, ಅರಿವಳಿಕೆ ಒಗ್ಗದೆ ಇರೋದು. ಉಂಗುರದ್ದು, ಕ್ಯಾಲ್ಸಿಯಂ ಇಳಿದು ಕೈ ಜುಮ್ಮನ್ನೋದು. ಆಯ್ತು, ಪೆನ್ನು ಕೊಡಿ," ಎಂದು ಬೆರಳು ಮಡಚುತ್ತ ಒಪ್ಪಿಸಿದ.

"ಕಿರುಬೆರಳು ಯಾಕಣ್ಣ ಒಂಟಿಯಾಗಿ ನಿಂತಿದೆ?"

"ಅದಕ್ಕೇನೂ ಇರ್ಲಿಲ್ಲ."

ಮೂರು ಸಲ ಒಪ್ಪಿಸಿದ. ಮೂರು ಸಲವೂ ಕಿರುಬೆರಳು ಖಾಲಿ. ಇದು ಮರೆವಲ್ಲ, ಭಯ ಎಂದು ಸಹಿಯಕ್ಕನಿಗೆ ಹೊಳೆಯಿತು.

"ದನಿ ಹೋಗ್ಬಹುದು ಅಂದ್ರಲ್ರೀ," ಎಂದಳು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ. "ಮನೇಲಿ ಎಲ್ರೂ ಖುಷಿಪಟ್ವಲ್ಲ."

ಅವನು ನಗಲಿಲ್ಲ. "ದನಿ ಹೋದ್ರೆ ಬಸ್ಸಲ್ಲಿ ನನಗೇನು ಕೆಲಸ?" ಎಂದ, ಮೊದಲ ಸಲ ಮೆಲ್ಲಗೆ.

ಬಾಗಿಲಲ್ಲಿ ಡಾಕ್ಟರು ಗಡಿಯಾರ ತಟ್ಟಿ ತೋರಿಸಿದರು. ಸಹಿಯಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ದನಿ ಒಡೆಯುತ್ತೆ, ಕೆಲವು ವಾರಕ್ಕೆ ಸರಿಹೋಗುತ್ತೆ. ಎಲ್ಲೋ ಒಬ್ಬರಿಗೆ ಹಾಗೇ ಉಳಿಯುತ್ತೆ. ಬೇಡ ಅನ್ನೋದೂ ನಿಮ್ಮ ಕೈಲೇ ಇದೆ."

"ಗಡ್ಡೆ ಬಿಟ್ರೆ?"

"ಬೆಳೀತಾ ಹೋದ್ರೆ ಉಸಿರಿಗೆ ಒತ್ತುತ್ತೆ."

ಕಂಡಕ್ಟರ್ ಕಿರುಬೆರಳು ಮಡಚಿದ. "ದನಿ. ಹೋದ್ರೆ ಸೀಟಿ ಇದೆ."

ಆಪರೇಷನ್ನಿನ ಮಾರನೆಯ ಬೆಳಿಗ್ಗೆ ಅವನು ಬಾಯಿ ತೆರೆದರೆ ಎಣ್ಣೆ ಕಾಣದ ಕದ ಕಿರುಗುಟ್ಟುವ ಸದ್ದು. ಖುಷಿಪಟ್ಟಿದ್ದ ಹೆಂಡತಿಯೇ ಗೊಳೋ ಎಂದಳು. ಅವನು ಗಾಬರಿಯಾಗದೆ ಅವಳ ಮುಂದೆ ಕಿರುಬೆರಳೆತ್ತಿದ.

ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ನೋಡಿ, "ಸಿಸ್ಟರ್, ಇವರನ್ನ ಬಾತ್‌ರೂಮಿಗೆ ಕರ್ಕೊಂಡು ಹೋಗಿ" ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದರು.

ಕಂಡಕ್ಟರ್ ನಗಲು ಹೋಗಿ ಕೆಮ್ಮಿದ. "ಕೆಲವು ವಾರ ಅಷ್ಟೇ ಕಣೇ," ಎಂದು ಹೆಂಡತಿಗೆ ಪಿಸುಗುಟ್ಟಿದ.

ಅವಳು ಕಣ್ಣೊರೆಸಿಕೊಂಡು ಸಹಿಯಕ್ಕನ ಕಡೆ ತಿರುಗಿದಳು. "ಸರಿಯಾಗಿ ಎಷ್ಟು ವಾರ, ಸಿಸ್ಟರ್? ಅಷ್ಟರಲ್ಲಿ ನಾನು ಹೇಳೋದೆಲ್ಲ ಹೇಳಿ ಮುಗಿಸ್ಬೇಕು."