ಭೀಮಸೇನರ ಜನಮತ

ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಯ ಕ್ಯಾಂಟೀನಿನಲ್ಲಿ ಭೀಮಸೇನರಿಗೆ 'ಲಂಡನ್ ಅಂಕಲ್' ಎಂಬ ಹೆಸರು ಬಿದ್ದಿತ್ತು. ಅದು ಅವರಿಗೆ ಸ್ವಲ್ಪ ಇರಿಸುಮುರಿಸು. ಧಾರವಾಡ ಬಿಟ್ಟ ಮೇಲೆ ಅವರು ಬಹುಕಾಲ ಇದ್ದದ್ದು ನಾಟಿಂಗ್‌ಹ್ಯಾಮಿನಲ್ಲಿ. ಲಂಡನ್ನಿಗೆ ಹೋಗಿದ್ದರೆ ವೀಸಾಕ್ಕೆ, ವಿಮಾನಕ್ಕೆ, ಒಮ್ಮೆ ಲಾರ್ಡ್ಸ್ ಮೈದಾನಕ್ಕೆ. "ಟೆಸ್ಟ್ ಮ್ಯಾಚ್ ನೋಡ್ಲಿಕ್ಕೆ ಹೋಗಿದ್ದೆ, ಮಳಿ ನೋಡಿ ಬಂದೆ," ಎನ್ನುತ್ತಿದ್ದರು.

ಹೆಂಡತಿ ಉಷಾಗೆ ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ೨೦೧೧ರಲ್ಲಿ ಸಂಸಾರ ಟೆಕ್ಸಸ್ಸಿಗೆ ಶಿಫ್ಟ್ ಆಯಿತು. ಭೀಮಸೇನರು ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆದರು. ದೇಹ ಇಲ್ಲಿಗೆ ಬಂತೇ ವಿನಾ ಕಿವಿ ಬರಲಿಲ್ಲ. ಡ್ರೈವ್ ಮಾಡುವಾಗ ಬ್ರಿಟಿಷ್ ರೇಡಿಯೋ. ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚಿಕೊಂಡು ಫೋನಿನಲ್ಲಿ ಲಂಡನ್ನಿನ ಪಾರ್ಲಿಮೆಂಟು.

ಭಾನುವಾರ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತ ಅದನ್ನೆಲ್ಲ ಗೆಳೆಯರಿಗೆ ಹಂಚುವುದು ಅವರ ಸಂತೋಷ. ಅಲ್ಲಿ ಮಂತ್ರಿ ರಾಜೀನಾಮೆ ಕೊಡುವಾಗಲೂ ಛತ್ರಿ ಹಿಡಿಯುವವರಿಗೆ ಥ್ಯಾಂಕ್ಸ್ ಹೇಳುತ್ತಾನೆ ಎಂದೂ, ಫುಟ್‌ಬಾಲ್ ಟೀಮು ಪೆನಾಲ್ಟಿಯಲ್ಲಿ ಸೋತ ಮರುದಿನ ಇಡೀ ದೇಶ ಒಂದು ಥರ ನೆಮ್ಮದಿಯಲ್ಲಿರುತ್ತದೆ, ಇನ್ನು ಆಸೆಪಡುವ ಕೆಲಸವಿಲ್ಲವಲ್ಲ ಎಂದೂ ಹೇಳುತ್ತಿದ್ದರು. ೨೦೧೬ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕೆಂದು ಜನಮತದಲ್ಲಿ ವೋಟು ಹಾಕಿದಾಗ ಮಾತ್ರ ಅವರ ನಗೆ ಸ್ವಲ್ಪ ಖಾರವಾಯಿತು. "ಐದು ದಿನಾ ಆಡಿ ಡ್ರಾ ಮಾಡ್ಕೊಂಡು ಕೈಕುಲುಕೋ ಮಂದಿ ಇವರು. ಹೌದು, ಇಲ್ಲ ಅಂತ ಎರಡೇ ಖಾನೆ ಇರೋ ಚೀಟಿ ಕೊಟ್ರ ಏನಾಗ್ತದ? ಇಂಥಾ ಹುಚ್ಚುತನ ಯಾರರೆ ಮಾಡ್ತಾರೇನ್ರಿ?"

ಮರುವರ್ಷ ಹಾರ್ವಿ ಚಂಡಮಾರುತ ಬಂದು ಹೋಯಿತು. ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾಗಲು ಯಾರೂ ತಯಾರಿರಲಿಲ್ಲ. ಎಲ್ಲರಿಗೂ ತಂತಮ್ಮ ಮನೆಯ ಗೋಡೆ ಒಣಗಿಸುವುದೇ ಆಗಿತ್ತು. ಭೀಮಸೇನರ ಮನೆ ಎತ್ತರದಲ್ಲಿತ್ತು, ನೀರು ನುಗ್ಗಿರಲಿಲ್ಲ. ಆ ಸಂಕೋಚಕ್ಕೇ ಅವರು ಒಪ್ಪಿಕೊಂಡರು. ಎದುರಾಳಿಯಿಲ್ಲದೆ ಆರಿಸಿಬಂದರು.

ಕೆಲವು ತಿಂಗಳು ಬೀದಿದೀಪ, ಬೇಲಿಯ ಬಣ್ಣ ಎಂದು ಸುಖವಾಗಿ ಕಳೆದವು. ಆಮೇಲೆ ಪಕ್ಕದ ಬೀದಿಯ ಇಂಜಿನಿಯರ್ ತಿರುಮಲ ಬಂದ. "ಅಂಕಲ್, ಪಾರ್ಕಿನ ಹಿಂದೆ ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆ. ಒಂದು ಕ್ರಿಕೆಟ್ ಪಿಚ್ ಮಾಡಿದ್ರೆ?"

ಆ ಜಾಗ ಮಳೆನೀರು ನಿಲ್ಲಲೆಂದೇ ತೋಡಿದ ದೊಡ್ಡ ತಗ್ಗು. ಬೇಸಿಗೆಯಲ್ಲಿ ಹುಲ್ಲು, ಮಳೆಯಲ್ಲಿ ಕೆರೆ. ಸಭೆಯಲ್ಲಿ ವಿಷಯ ಎತ್ತಿದ ಕೂಡಲೇ ಡಾರ್ಲೀನ್ ಎಂಬ ಹಿರಿಯ ಹೆಂಗಸು ಎದ್ದು ನಿಂತಳು. ಅವಳ ಮನೆ ಆ ತಗ್ಗಿನ ಅಂಚಿಗೇ ಇತ್ತು. "ಅಲ್ಲಿ ಒಂದು ಹಿಡಿ ಕಾಂಕ್ರೀಟ್ ಹಾಕಲೂ ನಾನು ಬಿಡುವುದಿಲ್ಲ," ಎಂದಳು. ತಿರುಮಲನ ಕಡೆಯವರು ಅದನ್ನು ಕ್ರಿಕೆಟ್ಟಿನ ಮೇಲಿನ, ತಮ್ಮ ಮೇಲಿನ ಕೋಪವೆಂದೇ ತಿಳಿದರು. ಮಾತಿಗೆ ಮಾತು ಬೆಳೆಯಿತು. ಭೀಮಸೇನರು ಮೇಜು ಕುಟ್ಟಿ ಸುಸ್ತಾದರು. ಕೊನೆಗೆ ಮನೆಗೆ ಹೋದರೆ ಸಾಕಾಗಿ, "ಹೀಗೆ ಬೇಡ, ಎಲ್ಲರೂ ವೋಟ್ ಮಾಡಿಬಿಡಿ. ಬೇಕು, ಬೇಡ, ಅಷ್ಟೇ," ಎಂದುಬಿಟ್ಟರು.

ಕಾರಿನಲ್ಲಿ ಉಷಾ ಒಂದೇ ಮಾತು ಕೇಳಿದರು: "ನೀವೂನಾ?"

"ಇದು ಬ್ಯಾರೆ," ಎಂದರು ಭೀಮಸೇನರು.

ವೋಟಾಯಿತು. 'ಬೇಕು' ಕೂದಲೆಳೆಯ ಅಂತರದಲ್ಲಿ ಗೆದ್ದಿತು. ತಿರುಮಲ ಹತ್ತಿರದ ಊರು ಸ್ಟಾಫರ್ಡಿನಿಂದ ಜಿಲೇಬಿ ತಂದು ಹಂಚಿದ. ಜಿಲೇಬಿ ಮುಗಿಯುವಷ್ಟರಲ್ಲಿ ಗೆದ್ದವರಲ್ಲೇ ಜಗಳ ಹತ್ತಿತು. ಒಬ್ಬರಿಗೆ ಕಾಂಕ್ರೀಟ್ ಪಿಚ್ಚೇ ಬೇಕು, ಇನ್ನೊಬ್ಬರಿಗೆ ಟೆನಿಸ್ ಚೆಂಡಿನ ಆಟ ಸಾಕು. ಮತ್ತೊಬ್ಬರು ತಾವು 'ಬೇಕು' ಎಂದದ್ದು ಪಾರ್ಕಿನ ಉಯ್ಯಾಲೆಯ ಪಕ್ಕದಲ್ಲಿದ್ದರೆ ಮಾತ್ರ ಎಂದರು. ಸೋತವರು ಮರುವೋಟು ಕೇಳಿದರು. ಚಳಿಗಾಲ ಕಳೆದರೂ ಒಂದು ಸ್ಟಂಪು ನೆಲಕ್ಕಿಳಿಯಲಿಲ್ಲ.

೨೦೧೯ರ ಮಾರ್ಚಿನಲ್ಲಿ ಲಂಡನ್ನಿನ ಪಾರ್ಲಿಮೆಂಟು ಒಕ್ಕೂಟ ಬಿಡಲು ತನ್ನ ಮುಂದಿಟ್ಟ ದಾರಿಗಳನ್ನೆಲ್ಲ ಒಂದೊಂದಾಗಿ ತಿರಸ್ಕರಿಸುತ್ತಿತ್ತು. ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ನಿಧಿ ರಜೆಗೆ ಬಂದಾಗ, ಅಪ್ಪ ಸೋಫಾದ ಮೇಲೆ ಫೋನು ಹಿಡಿದುಕೊಂಡು, ನಗದೆ ಅದನ್ನೇ ನೋಡುತ್ತಿದ್ದರು. ಅವಳು ಪಕ್ಕದಲ್ಲಿ ಕೂತು ಇಣುಕಿ, "ಅಪ್ಪಾ, ದಿಸ್ ಈಸ್ ಯು," ಎಂದಳು.

ಭೀಮಸೇನರು ಫೋನು ಕೆಳಗಿಟ್ಟರು. ಆ ಶನಿವಾರ ಯಾರಿಗೂ ಹೇಳದೆ ಡಾರ್ಲೀನಳ ಮನೆಗೆ ನಡೆದುಹೋದರು. ಅವಳು ಬಾಗಿಲಲ್ಲೇ ನಿಲ್ಲಿಸುತ್ತಾಳೆಂದುಕೊಂಡಿದ್ದರು. ಒಳಗೆ ಕರೆದು ಐಸ್ ಟೀ ಕೊಟ್ಟಳು.

"ನಿಮಗೆ ಕ್ರಿಕೆಟ್ ಯಾಕೆ ಆಗುವುದಿಲ್ಲ?" ಎಂದು ಕೇಳಿದರು.

"ಕ್ರಿಕೆಟ್ ಎಂದರೇನೆಂದೇ ನನಗೆ ಗೊತ್ತಿಲ್ಲ," ಎಂದಳು. ಎದ್ದು ಹೋಗಿ, ಪಿಯಾನೋವನ್ನು ಗೋಡೆಯಿಂದ ಸ್ವಲ್ಪ ಸರಿಸಿ ತೋರಿಸಿದಳು. ಹಿಂದಿನ ಗೋಡೆಗೆ ಬಣ್ಣ ಬಳಿದಿರಲಿಲ್ಲ. ಹಾರ್ವಿಯ ನೀರು ನಿಂತ ಕಂದು ಗೆರೆ ಹಾಗೇ ಇತ್ತು. "ಆ ತಗ್ಗು ತುಂಬಿದ ಮೇಲೆ ಮೊದಲು ಬರುವುದು ಇಲ್ಲಿಗೆ. ಈ ಪಿಯಾನೋ ನನ್ನ ತಾಯಿಯದು. ಈಗ ಅರ್ಧ ಮಣೆಗಳು ಮಾತಾಡುವುದಿಲ್ಲ. ಅಲ್ಲಿ ಕಾಂಕ್ರೀಟ್ ಹಾಕಿದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕೆಂದಿದ್ದೆ. ನೀವು ಎರಡು ಖಾನೆಯ ಚೀಟಿ ಕೊಟ್ಟಿರಿ."

ಭೀಮಸೇನರು ಬಗ್ಗಿ ಆ ಗೆರೆಯನ್ನು ನೋಡಿದರು. ಟೀ ಕುಡಿದರು. ತಾವು ಬೆಳೆದ ಧಾರವಾಡದಲ್ಲಿ ಹುಡುಗರು ನೆಲದ ಮೇಲೆ ಚಾಪೆ ಹಾಸಿ ಕ್ರಿಕೆಟ್ ಆಡುತ್ತಿದ್ದದ್ದನ್ನು ಹೇಳಿದರು. ಆಟ ಮುಗಿದರೆ ಸುತ್ತಿ ಎತ್ತಿಕೊಂಡು ಹೋಗುವುದು, ಅಷ್ಟೇ.

"ಚಾಪೆಯೇ?" ಎಂದಳು ಡಾರ್ಲೀನ್. "ಚಾಪೆಗೆ ನನ್ನ ತಕರಾರಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಗಲಾಟೆ ಬೇಡ."

ತಿರುಮಲನನ್ನು ಒಪ್ಪಿಸಲು ಇನ್ನೂ ಕಷ್ಟವಾಯಿತು. ಗೆದ್ದವರು ಯಾಕೆ ತಗ್ಗಬೇಕೆಂದು ಅವನ ವಾದ. ಭೀಮಸೇನರು ಅವನನ್ನೂ ಡಾರ್ಲೀನಳ ಮನೆಗೆ ಕರೆದೊಯ್ದರು. ಪಿಯಾನೋ ಸರಿಸಲು ಈ ಸಲ ಅವನೇ ಕೈಹಾಕಿದ. ಮುಂದಿನ ವಾರ ಡಲ್ಲಾಸ್‌ನ ಕ್ಲಬ್ಬೊಂದು ಬಿಸಾಡಲಿಟ್ಟಿದ್ದ ಹಳೆಯ ನಾರಿನ ಚಾಪೆಯನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಬಂದ. ಮೇ ತಿಂಗಳಲ್ಲಿ ಮೊದಲ ಆಟ ನಡೆಯಿತು. ಡಾರ್ಲೀನ್ ಮಡಚುವ ಕುರ್ಚಿ ತಂದು ನೆರಳಲ್ಲಿ ಕೂತು ನೋಡಿದಳು. ಯಾರಿಗೂ ಅರ್ಥವಾಗದ ಹೊತ್ತಿನಲ್ಲಿ ಚಪ್ಪಾಳೆ ತಟ್ಟಿದಳು. ಭೀಮಸೇನರು ನಾಲ್ಕು ಚೆಂಡು ತಡೆದು, ಐದನೆಯದನ್ನು ಎತ್ತಿ ಹೊಡೆಯಲು ಹೋಗಿ ಔಟಾದರು.

ಆ ಶರತ್ಕಾಲದ ಚುನಾವಣೆಗೆ ಅವರು ಮತ್ತೆ ನಿಂತರು. ಈ ಸಲ ಎದುರಾಳಿಯಿದ್ದ, ಕಸದ ಗಾಡಿ ಬೇಗ ಬರುವಂತೆ ಮಾಡುತ್ತೇನೆಂದು ಹೇಳಿದವನು. ಅವನೇ ಗೆದ್ದ. ತಿರುಮಲನೂ ಅವನಿಗೇ ವೋಟ್ ಹಾಕಿದ್ದನೆಂದು ಆಮೇಲೆ ಗೊತ್ತಾಯಿತು. ಭೀಮಸೇನರು ಗೆದ್ದವನ ಕೈಕುಲುಕಿ, ಸಭೆಯ ಕುರ್ಚಿಗಳನ್ನು ಜೋಡಿಸಿಟ್ಟು ಮನೆಗೆ ಬಂದರು.

"ಬೇಜಾರಾಯ್ತಾ?" ಉಷಾ ಕೇಳಿದರು.

"ಸ್ವಲ್ಪ ಆತು," ಎಂದರು ಭೀಮಸೇನರು. "ಆದ್ರ ಕಸದ ಗಾಡಿ ಭಾಳ ತಡಾ ಬರ್ತದ, ಅದು ಖರೇ ಅದ."